ಮೂರು ಗೆರೆಗಳ ನಡುವೆ ಒಂದು ಸರ್ವೆ ನಂಬರು: ಮಹಾಯೋಜನೆಯ ಕರಡು ಪ್ರದರ್ಶನ ಸೇವೆಯ ವಿಮರ್ಶೆ

ನಮ್ಮ ಊರಿನ ಯೋಜನಾ ಪ್ರಾಧಿಕಾರದ ಕಚೇರಿಯಲ್ಲಿ, ಮೆಟ್ಟಿಲು ಹತ್ತಿದೊಡನೆ ಎದುರಾಗುವ ಗೋಡೆಗೆ ನಾಲ್ಕು ಹಾಳೆಗಳನ್ನು ಜೋಡಿಸಿ ಅಂಟಿಸಿದ ಬಣ್ಣದ ನಕ್ಷೆಯೊಂದನ್ನು ಎರಡು ತಿಂಗಳ ಕಾಲ ಸಾರ್ವಜನಿಕರ ನೋಟಕ್ಕೆ ಇಡಲಾಗಿತ್ತು. ಅದು ಪರಿಷ್ಕೃತ ಮಹಾಯೋಜನೆಯ ಕರಡು. ಮುಂದೆ ಊರು ಯಾವ ದಿಕ್ಕಿಗೆ ಬೆಳೆಯಬೇಕು, ಎಲ್ಲಿ ಮನೆಗಳು ಬರಬೇಕು, ಎಲ್ಲಿ ಕಾರ್ಖಾನೆ, ಎಲ್ಲಿ ರಸ್ತೆ, ಯಾವ ಹೊಲ ಹೊಲವಾಗಿಯೇ ಉಳಿಯಬೇಕು ಎಂಬುದನ್ನೆಲ್ಲ ಆ ಒಂದು ಗೋಡೆ ನಿರ್ಧರಿಸಲು ಹೊರಟಿತ್ತು. ನಗರಸಭೆಯ ಗಡಿಯಿಂದ ಎರಡು ಕಿಲೋಮೀಟರ್ ಹೊರಗಿರುವ ಹಳ್ಳಿಯಲ್ಲಿ ನನ್ನ ಮನೆಯೂ ಸ್ವಲ್ಪ ಅಡಿಕೆ ತೋಟವೂ ಇರುವುದರಿಂದ, ಆ ಎರಡು ತಿಂಗಳಲ್ಲಿ ನಾನು ಆರು ಸಲ ಆ ಗೋಡೆಯ ಮುಂದೆ ನಿಂತಿದ್ದೇನೆ. ನಾಗರಿಕನೊಬ್ಬನಿಗೆ ಸರ್ಕಾರ ಒದಗಿಸುವ ಸೇವೆಯೆಂದು ಈ ಪ್ರದರ್ಶನವನ್ನು ಪರಿಗಣಿಸಿ, ಅದು ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ರಾಜ್ಯದ ಬಹುಪಾಲು ಜಿಲ್ಲಾ ಕೇಂದ್ರಗಳ ಅಂಚಿನಲ್ಲಿರುವವರಿಗೆ ಇದು ತಮ್ಮ ಊರಿನ ಕತೆಯೆಂದೇ ಅನ್ನಿಸಬಹುದು.

ಮೊದಲು ಸೇವೆಯ ಸ್ವರೂಪವನ್ನು ಹೇಳಬೇಕು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಪ್ರಕಾರ, ಪ್ರಾಧಿಕಾರವು ಸಿದ್ಧಪಡಿಸಿದ ಮಹಾಯೋಜನೆಗೆ ಸರ್ಕಾರ ತಾತ್ಕಾಲಿಕ ಅನುಮೋದನೆ ಕೊಟ್ಟ ಮೇಲೆ ಅದನ್ನು ಪ್ರಕಟಿಸಿ, ಸಾರ್ವಜನಿಕರಿಂದ 60 ದಿನಗಳೊಳಗೆ ಆಕ್ಷೇಪಣೆ ಮತ್ತು ಸಲಹೆಗಳನ್ನು ಪಡೆಯಬೇಕು. ಅವುಗಳನ್ನು ಪರಿಶೀಲಿಸಿದ ಬಳಿಕವೇ ಅಂತಿಮ ಅನುಮೋದನೆ. ಹತ್ತು ವರ್ಷಕ್ಕೊಮ್ಮೆಯಾದರೂ ಯೋಜನೆಯನ್ನು ಪರಿಷ್ಕರಿಸಬೇಕೆಂದೂ ಕಾಯ್ದೆ ಹೇಳುತ್ತದೆ. ಎಂದರೆ ಒಬ್ಬ ರೈತನಿಗೆ ತನ್ನ ಜಮೀನಿನ ಭವಿಷ್ಯದ ಬಗ್ಗೆ ಬಾಯಿಬಿಟ್ಟು ಮಾತನಾಡಲು ಕಾನೂನು ಕೊಡುವ ಅವಕಾಶ ಹತ್ತು ವರ್ಷಕ್ಕೆ 60 ದಿನ. ನಕ್ಷೆ ನೋಡಲು ಶುಲ್ಕವಿಲ್ಲ. ಬಿಳಿ ಹಾಳೆಯಲ್ಲಿ ಆಕ್ಷೇಪಣೆ ಬರೆದು ಕೊಟ್ಟರೆ ಸಾಕು, ವಕೀಲರ ಅಗತ್ಯವಿಲ್ಲ. ಇಷ್ಟು ಸರಳವಾಗಿ, ಇಷ್ಟು ಅಗ್ಗವಾಗಿ ಸಿಗುವ, ಆದರೆ ಇಷ್ಟು ದೊಡ್ಡ ಪರಿಣಾಮವಿರುವ ಇನ್ನೊಂದು ಸರ್ಕಾರಿ ಸೇವೆಯನ್ನು ನಾನು ಕಂಡಿಲ್ಲ. ನಮ್ಮ ಹಳ್ಳಿಯಿಂದ ಇದನ್ನು ಬಳಸಿಕೊಂಡವರು ಒಂಬತ್ತು ಮಂದಿ ಮಾತ್ರ ಎಂಬುದು ನನಗೆ ಇಂದಿಗೂ ನೋವು ತರುವ ಸಂಗತಿ.

ಇದಕ್ಕೆ ಮುಖ್ಯ ಕಾರಣ ಜನರ ಉದಾಸೀನವಲ್ಲ, ಗೆರೆಗಳ ಗೊಂದಲ. ಊರಿನ ಸುತ್ತ ಮೂರು ಬೇರೆ ಬೇರೆ ಗೆರೆಗಳಿವೆ, ಮತ್ತು ಅವುಗಳ ವ್ಯತ್ಯಾಸವನ್ನು ಆ ಗೋಡೆಯ ಮೇಲೆ ಯಾರೂ ಎರಡು ಸಾಲಿನಲ್ಲಿ ಬರೆದು ಅಂಟಿಸಿರಲಿಲ್ಲ. ಮೊದಲನೆಯದು ನಗರಸಭೆಯ ಗಡಿ. ಅದರೊಳಗಿರುವವರು ನಗರಸಭೆಗೆ ಕಂದಾಯ ಕಟ್ಟುತ್ತಾರೆ, ವಾರ್ಡಿನ ಸದಸ್ಯರನ್ನು ಆರಿಸುತ್ತಾರೆ. ಎರಡನೆಯದು ಸ್ಥಳೀಯ ಯೋಜನಾ ಪ್ರದೇಶದ ಗಡಿ. ಇದು ನಗರಸಭೆಯನ್ನು ದಾಟಿ ಸುತ್ತಲಿನ ಹತ್ತಾರು ಹಳ್ಳಿಗಳನ್ನು ಒಳಗೊಂಡಿರುತ್ತದೆ. ಆ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯೇ ಇದ್ದರೂ ಬಡಾವಣೆ ಮಾಡಲು, ಭೂ ಉಪಯೋಗ ಬದಲಾಯಿಸಲು ಪ್ರಾಧಿಕಾರದ ಅನುಮತಿ ಬೇಕು. ಮೂರನೆಯದು, ಈ ಎರಡರ ನಡುವೆ ಎಲ್ಲೋ ಹಾದುಹೋಗುವ, ಯೋಜನೆಯ ಅವಧಿಯಲ್ಲಿ ಊರು ಇಲ್ಲಿಯವರೆಗೆ ಬೆಳೆಯಬಹುದು ಎಂದು ಸೂಚಿಸುವ ಗೆರೆ. ಕಚೇರಿಯವರು ಅದನ್ನು ಕನರ್ಬೇಷನ್ ಲಿಮಿಟ್ ಎನ್ನುತ್ತಾರೆ. ಅದರೊಳಗೆ ವಸತಿ, ವಾಣಿಜ್ಯ, ಕೈಗಾರಿಕೆಗಳನ್ನು ಸೂಚಿಸುವ ಹಳದಿ, ನೀಲಿ, ನೇರಳೆ ಬಣ್ಣಗಳು. ಅದರಾಚೆ ಬಹುತೇಕ ಕೃಷಿ ವಲಯ.

ಪತ್ರಿಕೆಯಲ್ಲಿ ಪ್ರಕಟಣೆ ಬಂದ ದಿನ ನಮ್ಮ ಹಾಲಿನ ಡೇರಿಯ ಮುಂದೆ ನೆರೆಯವರೊಬ್ಬರು, 'ಅದು ಸಿಟಿಯವರಿಗೆ ಬಿಡಿ ಅಣ್ಣ, ನಮ್ಮದಿನ್ನೂ ಪಂಚಾಯ್ತಿನೇ' ಎಂದು ಹೇಳಿದ್ದರು. ಅವರ ನಾಲ್ಕು ಎಕರೆಯಲ್ಲಿ ಒಂದೂವರೆ ಎಕರೆ ನಕ್ಷೆಯಲ್ಲಿ ಉದ್ಯಾನವೆಂದು ಹಸಿರಾಗಿತ್ತು. ಪಂಚಾಯಿತಿಯಲ್ಲಿ ಇರುವುದಕ್ಕೂ ಯೋಜನಾ ಪ್ರದೇಶದಲ್ಲಿ ಇರುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಪ್ರಕಟಣೆಯಲ್ಲಿ ಹಳ್ಳಿಗಳ ಹೆಸರುಗಳೂ ಇರಲಿಲ್ಲ. 'ಸ್ಥಳೀಯ ಯೋಜನಾ ಪ್ರದೇಶಕ್ಕೆ ಸಂಬಂಧಿಸಿದಂತೆ' ಎಂಬ ಒಂದು ಮಾತಿನಲ್ಲಿ ಎಲ್ಲವೂ ಮುಗಿದಿತ್ತು. ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ, ನ್ಯಾಯಬೆಲೆ ಅಂಗಡಿಯ ಬಾಗಿಲಿನಲ್ಲಿ, ಡೇರಿಯ ಗೋಡೆಯ ಮೇಲೆ ಹಳ್ಳಿಯ ಹೆಸರು ಹಾಕಿ ಒಂದೊಂದು ಹಾಳೆ ಅಂಟಿಸಿದ್ದರೆ, ಈ ಸೇವೆಯ ಬಗ್ಗೆ ನನ್ನ ದೂರಿನಲ್ಲಿ ಅರ್ಧ ಇರುತ್ತಿರಲಿಲ್ಲ.

ನಗರಸಭೆಯ ಗಡಿ ವಿಸ್ತರಣೆಯ ಪ್ರಸ್ತಾವವೂ ಇದೇ ಹೊತ್ತಿಗೆ ಓಡಾಡುತ್ತಿದ್ದುದರಿಂದ ಗೊಂದಲ ಇನ್ನಷ್ಟು ಹೆಚ್ಚಿತು. ಮುಂದಿನ ಜನಗಣತಿಗಾಗಿ 2025ರ ಡಿಸೆಂಬರ್ 31ರ ನಂತರ ಆಡಳಿತ ಗಡಿಗಳನ್ನು ಬದಲಾಯಿಸುವಂತಿಲ್ಲ ಎಂದು ಕೇಂದ್ರದಿಂದ ಸೂಚನೆಯಿದ್ದ ಕಾರಣ, ರಾಜ್ಯದ ಹಲವು ಊರುಗಳಲ್ಲಿ ಮೇಲ್ದರ್ಜೆಯ ಬೇಡಿಕೆ ಮತ್ತು ಗಡಿಯ ಚರ್ಚೆ ಆ ವರ್ಷ ಬಿರುಸಾಗಿತ್ತು. ಮಹಾಯೋಜನೆಯ ನಕ್ಷೆ ನೋಡಲು ಬಂದವರಲ್ಲಿ ಬಹಳ ಮಂದಿ ಕೇಳುತ್ತಿದ್ದುದು 'ನಮ್ಮೂರು ಸಿಟಿಗೆ ಸೇರುತ್ತದೆಯೇ' ಎಂಬ ಪ್ರಶ್ನೆಯನ್ನು. ಆದರೆ ಆ ನಿರ್ಧಾರ ಯೋಜನಾ ಕಾಯ್ದೆಗೆ ಸೇರಿದ್ದಲ್ಲ. ಅದು ಕರ್ನಾಟಕ ಪೌರಸಭೆಗಳ ಕಾಯ್ದೆ 1964ರ ಅಡಿಯಲ್ಲಿ ಬೇರೆ ಅಧಿಸೂಚನೆ, ಬೇರೆ ಆಕ್ಷೇಪಣೆ, ಬೇರೆ ಕಚೇರಿಯ ಮೂಲಕ ಆಗುವಂಥದ್ದು. ಅಲ್ಲಿನ ಅಳತೆಗೋಲೂ ಬೇರೆ: ಪೌರಸಭೆಯ ಪ್ರದೇಶಕ್ಕೆ ಕನಿಷ್ಠ 20,000 ಜನ, ಚದರ ಕಿಲೋಮೀಟರಿಗೆ 1,500 ಜನರ ಸಾಂದ್ರತೆ, ಶೇ 50ರಷ್ಟು ಕೃಷಿಯೇತರ ಉದ್ಯೋಗ, ಮಹಾನಗರ ಪಾಲಿಕೆಯಾಗಬೇಕಾದರೆ ಮೂರು ಲಕ್ಷ ಜನ ಮತ್ತು 3,000 ಸಾಂದ್ರತೆ. ಪಾಲಿಕೆಯ ಪಟ್ಟದ ಆಸೆಯಿರುವ ಊರು ಹಳ್ಳಿಗಳನ್ನು ಸೇರಿಸಿಕೊಳ್ಳುತ್ತಾ ಹೋದಷ್ಟೂ ಜನಸಂಖ್ಯೆ ಏರುತ್ತದೆ, ಸಾಂದ್ರತೆ ಇಳಿಯುತ್ತದೆ. ಆದ್ದರಿಂದ ಹೊಲಗಳು ಹೆಚ್ಚಿರುವ ಹಳ್ಳಿಯನ್ನು ಬಿಟ್ಟು, ಆಗಲೇ ಮನೆಗಳಿಂದ ತುಂಬಿರುವ ಹಳ್ಳಿಯನ್ನು ಮಾತ್ರ ಸೇರಿಸಿಕೊಳ್ಳುವ ಒಲವು ಹುಟ್ಟುತ್ತದೆ. ಯೋಜನೆಯ ದೃಷ್ಟಿಯಿಂದ ಇದು ತಲೆಕೆಳಗಾದ ಕ್ರಮ. ಮನೆಗಳು ಏಳುವ ಮೊದಲು ರಸ್ತೆ, ಚರಂಡಿಗಳ ಹೊಣೆ ಹೊರಬೇಕಾದ ಸಂಸ್ಥೆ, ಮನೆಗಳೆಲ್ಲ ಎದ್ದು ನಿಂತ ಮೇಲೆ ಬಂದು ಕಂದಾಯ ಕೇಳುವಂತಾಗುತ್ತದೆ.

ಮೈಸೂರಿನ ಸುತ್ತ ಆದದ್ದನ್ನು ನೋಡಿದರೆ ಇನ್ನೊಂದು ದಾರಿಯೂ ಕಾಣುತ್ತದೆ. ಅಲ್ಲಿ ನಗರದ ಅಂಚಿನ ಪಂಚಾಯಿತಿಗಳನ್ನು ಪಾಲಿಕೆಗೆ ನೇರವಾಗಿ ಸೇರಿಸದೆ, ಹೂಟಗಳ್ಳಿಯಲ್ಲಿ ನಗರಸಭೆಯನ್ನೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳಲ್ಲಿ ಪಟ್ಟಣ ಪಂಚಾಯಿತಿಗಳನ್ನೂ ರಚಿಸಲಾಯಿತು. ಕೆಲವೇ ವರ್ಷಗಳಲ್ಲಿ ಅವನ್ನೆಲ್ಲ ಒಂದೇ ಪಾಲಿಕೆಯೊಳಗೆ ತರುವ ಬೃಹತ್ ಮೈಸೂರಿನ ಮಾತು ಮುಂದೆ ಬಂತು. ನೀರು, ಒಳಚರಂಡಿ, ಕಸ ಈ ಮೂರೂ ಗಡಿ ನೋಡಿ ಹರಿಯುವುದಿಲ್ಲವಾದ್ದರಿಂದ, ಐದು ಸಂಸ್ಥೆಗಳ ನಡುವೆ ಹಂಚಿಹೋದ ಹೊಣೆಯನ್ನು ಮತ್ತೆ ಒಟ್ಟುಗೂಡಿಸುವುದು ಅನಿವಾರ್ಯವಾಗುತ್ತದೆ ಎಂದು ನನಗೆ ತೋರುತ್ತದೆ.

ಸೇರ್ಪಡೆಯಾದರೆ ಹಳ್ಳಿಯವರಿಗೆ ಏನಾಗುತ್ತದೆ ಎಂಬುದನ್ನು ನಾನು ನನ್ನ ಅಕ್ಕನ ಊರಿನಲ್ಲಿ ಕಂಡಿದ್ದೇನೆ. ಅವರ ಹಳ್ಳಿ ಒಂದು ಪೌರಸಂಸ್ಥೆಗೆ ಸೇರಿ ಕೆಲವು ವರ್ಷಗಳಾದವು. ಸೇರಿದೊಡನೆ ಮೊದಲು ನಿಂತದ್ದು ನರೇಗಾ ಜಾಬ್ ಕಾರ್ಡ್, ಏಕೆಂದರೆ ಅದು ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಮನೆ ಕಂದಾಯ ಏರಿತು. ಬೀದಿ ದೀಪಗಳು ಬಂದವು, ಕಸದ ಗಾಡಿ ಬಂತು. ಒಳಚರಂಡಿ ಇನ್ನೂ ಬಂದಿಲ್ಲ. ಅಕ್ಕ ಹೆಚ್ಚು ಬೇಸರದಿಂದ ಹೇಳುವುದು ಇವುಗಳಲ್ಲಿ ಯಾವುದನ್ನೂ ಅಲ್ಲ. 'ಮೊದಲು ಮೆಂಬರು ನಮ್ಮ ಬೀದಿಯಲ್ಲೇ ಇದ್ದ ಕಣೋ, ಈಗ ಯಾರ ಹತ್ತಿರ ಹೇಳಬೇಕೋ ಗೊತ್ತಿಲ್ಲ' ಎನ್ನುತ್ತಾಳೆ. ಆ ಮಾತಿಗೆ ಲೆಕ್ಕದ ಆಧಾರವಿದೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ. ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರಸಭೆಯಲ್ಲಿ 35 ಸದಸ್ಯರು. ಊರಿನಲ್ಲಿ ಒಂದೂವರೆ ಲಕ್ಷ ಜನರಿದ್ದರೆ ಒಬ್ಬ ಸದಸ್ಯನಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ. ಹಳ್ಳಿ ನಗರಕ್ಕೆ ಸೇರಿದ ದಿನವೇ ಪ್ರತಿಯೊಬ್ಬರ ಧ್ವನಿ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ನಾನು ಸೇರ್ಪಡೆಯ ವಿರೋಧಿಯಲ್ಲ; ಪಂಚಾಯಿತಿಗೆ ಹೊರಲಾರದ ಕೆಲಸಗಳಿವೆ, ಒಳಚರಂಡಿ ಅವುಗಳಲ್ಲಿ ಮೊದಲನೆಯದು. ಆದರೆ ಈ ಬೆಲೆಯನ್ನು ಜನರಿಗೆ ಮೊದಲೇ ಹೇಳಬೇಕು.

ಈಗ ನಕ್ಷೆಯ ಗುಣಮಟ್ಟಕ್ಕೆ ಬರುತ್ತೇನೆ. ಬಣ್ಣಗಳು ಸ್ಪಷ್ಟವಾಗಿದ್ದವು: ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಉಪಯೋಗಕ್ಕೆ ಕೆಂಪು, ಉದ್ಯಾನಕ್ಕೆ ಹಸಿರು. ಈಗಿರುವ ಭೂ ಬಳಕೆಯ ನಕ್ಷೆಯನ್ನೂ ಪಕ್ಕದಲ್ಲೇ ಹಾಕಿದ್ದರಿಂದ ಹೋಲಿಸಿ ನೋಡಲು ಸಾಧ್ಯವಾಯಿತು. ಇದು ನಿಜವಾಗಿಯೂ ಒಳ್ಳೆಯ ಕೆಲಸ. ತೊಂದರೆ ಇದ್ದದ್ದು ಪ್ರಮಾಣದಲ್ಲಿ. ನಕ್ಷೆ 1:10,000ದ್ದು. ಆ ಪ್ರಮಾಣದಲ್ಲಿ 30×40 ಅಡಿಯ ನಿವೇಶನವೊಂದು ಸುಮಾರು ಒಂದು ಮಿಲಿಮೀಟರಿನ ಚುಕ್ಕೆ. ರಸ್ತೆ ಎಳೆದ ಗೆರೆ ಅರ್ಧ ಮಿಲಿಮೀಟರ್ ದಪ್ಪವಿದ್ದರೆ, ನೆಲದ ಮೇಲೆ ಅದು ಐದು ಮೀಟರ್. ಒಂದು ಮನೆ ಉಳಿಯುವುದೋ ಹೋಗುವುದೋ ಎಂಬುದು ಗೆರೆಯ ಯಾವ ಅಂಚನ್ನು ಲೆಕ್ಕಕ್ಕೆ ಹಿಡಿಯುತ್ತೀರಿ ಎಂಬುದರ ಮೇಲೆ ನಿಲ್ಲುತ್ತದೆ. ಸರ್ವೆ ನಂಬರುಗಳನ್ನು ಮುದ್ರಿಸಿದ್ದರು, ನಿಜ, ಅವುಗಳೊಳಗಿನ ಪಾಲುಗಳನ್ನು ಗುರುತಿಸುವ ಹಿಸ್ಸಾ ನಂಬರುಗಳಿರಲಿಲ್ಲ. ಅಣ್ಣತಮ್ಮಂದಿರ ಪಾಲಾಗಿ ಏಳು ತುಂಡಾದ ಒಂದು ಸರ್ವೆ ನಂಬರಿನಲ್ಲಿ ರಸ್ತೆ ಯಾರ ಪಾಲಿಗೆ ಬಿತ್ತು ಎಂದು ಆ ನಕ್ಷೆಯಿಂದ ಹೇಳಲು ಸಾಧ್ಯವೇ ಇರಲಿಲ್ಲ.

ನನ್ನ ಆಕ್ಷೇಪಣೆ ಹುಟ್ಟಿದ್ದು ಇಲ್ಲಿಯೇ. ನಮ್ಮ ಹಳ್ಳಿಯ ಬಂಡಿ ದಾರಿ ಗ್ರಾಮ ನಕಾಶೆಯಲ್ಲಿ ಗುರುತಾಗಿರುವ, ತಲೆಮಾರುಗಳಿಂದ ಬಳಕೆಯಲ್ಲಿರುವ ದಾರಿ. ಕಂದಾಯ ಇಲಾಖೆಯ ಮಾತಿನಲ್ಲಿ ನಕಾಶೆ ಕಂಡ ದಾರಿ. ಕರಡು ನಕ್ಷೆಯಲ್ಲಿ 18 ಮೀಟರಿನ ಹೊಸ ರಸ್ತೆ ಈ ದಾರಿಯ ಜಾಡಿನಲ್ಲೇ ಬರುತ್ತದೆ, ಆದರೆ ನಮ್ಮ ತೋಟದ ಬಳಿ ಸುಮಾರು ಮೂವತ್ತು ಮೀಟರ್ ದಕ್ಷಿಣಕ್ಕೆ ಸರಿದು, ಎರಡು ಮನೆಗಳನ್ನೂ ಒಂದು ಬಾವಿಯನ್ನೂ ಹಾದು, ಮತ್ತೆ ಹಳೆಯ ಜಾಡಿಗೆ ಸೇರುತ್ತದೆ. ದುರುದ್ದೇಶವಿತ್ತೆಂದು ನಾನು ಹೇಳುವುದಿಲ್ಲ. ಉಪಗ್ರಹ ಚಿತ್ರದ ಮೇಲೆ ಗ್ರಾಮ ನಕಾಶೆಯನ್ನು ಕೂಡಿಸುವಾಗ ಹೀಗೆ ಸರಿದುಹೋಗುವುದುಂಟು ಎಂದು ಅಲ್ಲಿನ ಯುವ ಯೋಜನಾ ಸಹಾಯಕರೇ ಒಪ್ಪಿಕೊಂಡರು. ದಾರಿಯ ನೆಲ ಆಗಲೇ ಸಾರ್ವಜನಿಕರದ್ದು. ಅದನ್ನೇ ಅಗಲ ಮಾಡಿದರೆ ಸ್ವಾಧೀನಪಡಿಸಿಕೊಳ್ಳಬೇಕಾದ ಜಮೀನೂ ಕಡಿಮೆ, ಕೊಡಬೇಕಾದ ಪರಿಹಾರವೂ ಕಡಿಮೆ. ಗ್ರಾಮ ನಕಾಶೆಯ ಪ್ರತಿ, ಜಮೀನಿನ ಗಡಿ ಅಳೆದು ಗುರುತಿಸಿದ ಹದ್ದುಬಸ್ತಿನ ನಕ್ಷೆ, ಎರಡೂ ಮನೆಗಳವರ ಸಹಿ ಸೇರಿಸಿ ಆಕ್ಷೇಪಣೆ ಸಲ್ಲಿಸಿದೆ.

ಸಲ್ಲಿಸಿದ್ದಕ್ಕೆ ಸಿಕ್ಕಿದ್ದು ನನ್ನದೇ ಪ್ರತಿಯ ಮೂಲೆಯಲ್ಲಿ ಒಂದು ಮೊಹರು ಮತ್ತು ತಾರೀಖು. 2011ರ ಸಕಾಲ ಕಾಯ್ದೆ ಬಂದ ಮೇಲೆ ಜಾತಿ ಪ್ರಮಾಣ ಪತ್ರಕ್ಕೆ ಅರ್ಜಿ ಹಾಕಿದರೂ ಒಂದು ಸಂಖ್ಯೆ ಸಿಗುತ್ತದೆ, ಅರ್ಜಿ ಯಾರ ಮೇಜಿನ ಮೇಲಿದೆ ಎಂದು ಮೊಬೈಲಿನಲ್ಲಿ ನೋಡಬಹುದು. ಎರಡು ಕುಟುಂಬಗಳ ಮನೆ ಉಳಿಯುವ ಪ್ರಶ್ನೆಯಿರುವ ಆಕ್ಷೇಪಣೆಗೂ ಅಷ್ಟಾದರೂ ಏರ್ಪಾಡು ಬೇಡವೇ? ಇದರ ಜೊತೆಗೆ ಭಾಷೆಯದೊಂದು ದೂರಿದೆ. ನೋಟಿಸು ಕನ್ನಡದಲ್ಲಿತ್ತು, ಇನ್ನೂರಕ್ಕೂ ಹೆಚ್ಚು ಪುಟಗಳ ವರದಿ ಮತ್ತು ವಲಯ ನಿಯಮಾವಳಿ ಎರಡೂ ಇಂಗ್ಲಿಷಿನಲ್ಲಿ ಮಾತ್ರ. ನಿಮ್ಮ ಜಮೀನಿನಲ್ಲಿ ಏನು ಕಟ್ಟಬಹುದು, ಎಷ್ಟು ಜಾಗ ಬಿಟ್ಟು ಕಟ್ಟಬೇಕು ಎಂದು ಹೇಳುವ ನಿಯಮಗಳನ್ನು ನಿಮಗೆ ಬಾರದ ಭಾಷೆಯಲ್ಲಿ ಮುದ್ರಿಸಿ ಆಕ್ಷೇಪಣೆ ಕೇಳುವುದು ನ್ಯಾಯವಲ್ಲ. ನಾನು ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿ ಕೆಲಸ ಮಾಡಿದವನಾದ್ದರಿಂದ ಹೇಗೋ ಓದಿಕೊಂಡೆ. ನನ್ನ ಜೊತೆ ಬಂದವರಲ್ಲಿ ಹೆಚ್ಚಿನವರಿಗೆ ಅದು ಸಾಧ್ಯವಿರಲಿಲ್ಲ.

ವರದಿಯ ತಿರುಳಾದ ಜನಸಂಖ್ಯೆಯ ಅಂದಾಜು 2011ರ ಜನಗಣತಿಯ ಮೇಲೆ ನಿಂತಿದೆ. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯದ ಕಾರಣ ಪ್ರಾಧಿಕಾರವನ್ನು ಇದಕ್ಕೆ ದೂರುವಂತಿಲ್ಲ. ಆದರೂ ಈ ನಡುವೆ ಬೈಪಾಸ್ ಆಗಿದೆ, ಅದರ ಎರಡೂ ಬದಿಯಲ್ಲಿ ರೆವಿನ್ಯೂ ನಿವೇಶನಗಳ, ಎಂದರೆ ಅನುಮೋದನೆಯಿಲ್ಲದೆ ಹೊಲದಲ್ಲೇ ತುಂಡು ಮಾಡಿ ಮಾರಿದ ನಿವೇಶನಗಳ, ಸಾಲು ಎದ್ದಿದೆ. ವಿದ್ಯುತ್ ಸಂಪರ್ಕಗಳ ಸಂಖ್ಯೆಯನ್ನೋ ಶಾಲಾ ದಾಖಲಾತಿಯನ್ನೋ ತೆಗೆದುಕೊಂಡು ಆ ಅಂದಾಜನ್ನು ಪರೀಕ್ಷಿಸಬಹುದಿತ್ತು. ಹಾಗೆ ಮಾಡದ್ದರಿಂದ, ನಿಜವಾಗಿ ಮನೆಗಳು ಎದ್ದಿರುವ ಪಶ್ಚಿಮ ದಿಕ್ಕಿನಲ್ಲಿ ಕೃಷಿ ವಲಯವನ್ನೂ, ನೀರೇ ಇಲ್ಲದ ಉತ್ತರದಲ್ಲಿ ಹಳದಿಯನ್ನೂ ಬಳಿಯಲಾಗಿದೆ ಎಂಬುದು ನನ್ನ ಅಭಿಪ್ರಾಯ.

ಹೀಗೆ ಬಣ್ಣ ಒಂದು ಕಡೆ, ಬೆಳವಣಿಗೆ ಇನ್ನೊಂದು ಕಡೆ ಆದಾಗ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಒಂದು ಎಕರೆಯಲ್ಲಿ 43,560 ಚದರ ಅಡಿ. ದಾರಿಯೂ ಬಿಡದೆ ಲೆಕ್ಕ ಹಾಕಿದರೆ 30×40ರ 36 ನಿವೇಶನಗಳಾಗುತ್ತವೆ. ಅನುಮೋದಿತ ಬಡಾವಣೆಯ ನಿಯಮದಂತೆ ರಸ್ತೆಗೆ, ಉದ್ಯಾನಕ್ಕೆ, ನಾಗರಿಕ ಸೌಲಭ್ಯಕ್ಕೆ ಅರ್ಧದಷ್ಟು ಬಿಟ್ಟರೆ 18. ಅನುಮೋದನೆಗೆ ವರ್ಷಗಟ್ಟಲೆ ಅಲೆಯುವ ಬದಲು ಹತ್ತು ಅಡಿಯ ಮಣ್ಣು ದಾರಿ ಬಿಟ್ಟು ಮೂವತ್ತು ನಿವೇಶನ ಮಾರುವುದು ಸುಲಭ, ಅಲ್ಲಿ ಕೊಳ್ಳುವವರಿಗೂ ಬೆಲೆ ಅಗ್ಗ. ಅಂಥ ಮನೆಗಳನ್ನು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಬಳಿಕ 2025ರಲ್ಲಿ, ಹಿಂದಿನ ವರ್ಷದ ಸೆಪ್ಟೆಂಬರ್ 10ರ ಮುಂಚಿನ ಅನಧಿಕೃತ ಆಸ್ತಿಗಳಿಗೆ ಬಿ ಖಾತೆ ಕೊಡುವ ಅಭಿಯಾನ ನಗರ ಸ್ಥಳೀಯ ಸಂಸ್ಥೆಗಳಲ್ಲಿ ನಡೆಯಿತು. ಮನೆಯವರಿಗೆ ಒಂದು ಕಾಗದ ಸಿಕ್ಕಿತು, ಸಂಸ್ಥೆಗೆ ಕಂದಾಯ ಬಂತು. ಬಿಡದೇ ಹೋದ ರಸ್ತೆ, ಬಿಡದೇ ಹೋದ ಆಟದ ಮೈದಾನ ಇನ್ನು ಯಾವ ಖಾತೆಯಿಂದಲೂ ಹುಟ್ಟುವುದಿಲ್ಲ. ಚಿಕ್ಕ ಊರು ಹೀಗೆಯೇ ಬೆಳೆಯಬೇಕೆಂಬ ನಿಯಮವೇನೂ ಇಲ್ಲ. 1901ರಲ್ಲಿ ಸುಮಾರು 68,000 ಜನರಿದ್ದ ಮೈಸೂರು, ಪ್ಲೇಗಿನ ಹೊಡೆತ ತಿಂದ ಮೇಲೆ, 1903ರಲ್ಲಿಯೇ ನಗರ ಸುಧಾರಣಾ ಮಂಡಳಿಯನ್ನು ಕಟ್ಟಿಕೊಂಡು ಇಕ್ಕಟ್ಟಿನ ಕೇರಿಗಳನ್ನು ತೆರವು ಮಾಡಿ, ಚರಂಡಿ ಹಾಕಿ, ಹೊಸ ಮೊಹಲ್ಲಾಗಳಿಗೆ ಜಾಗ ಮಾಡಿಕೊಟ್ಟಿತ್ತು. ಅಂದಿನ ಮೈಸೂರು ಇಂದಿನ ನಮ್ಮ ಊರಿಗಿಂತ ಚಿಕ್ಕದು.

ಅಂಕ ಕೊಡುವುದಾದರೆ, ಈ ಸೇವೆಗೆ ನಾನು ಐದರಲ್ಲಿ ಮೂರು ಕೊಡುತ್ತೇನೆ. ಅದರಲ್ಲಿ ಒಂದು ಅಂಕ ಪೂರ್ತಿಯಾಗಿ ಆ ಯೋಜನಾ ಸಹಾಯಕರಿಗೆ ಸೇರಬೇಕು. ಆರು ಸಲವೂ ಅವರು ಎದ್ದು ಬಂದು, 'ಯಾವ ಸರ್ವೆ ನಂಬರು ಹೇಳಿ ಯಜಮಾನ್ರೆ' ಎಂದು ಕೇಳಿ, ಕಂಪ್ಯೂಟರಿನಲ್ಲಿ ನಕ್ಷೆಯನ್ನು ಹಿಗ್ಗಿಸಿ ತೋರಿಸಿದರು. ಓದು ಬಾರದ ಅಜ್ಜಿಯೊಬ್ಬರಿಗೆ ಅವರ ಹೊಲದ ಬೇವಿನ ಮರವನ್ನು ಉಪಗ್ರಹ ಚಿತ್ರದಲ್ಲಿ ಹುಡುಕಿ, ಅಲ್ಲಿಂದ ರಸ್ತೆ ಎಷ್ಟು ದೂರ ಎಂದು ವಿವರಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಆ ಕಂಪ್ಯೂಟರಿನ ನಕ್ಷೆಯನ್ನೇ ಅಂತರ್ಜಾಲದಲ್ಲಿ ಹಾಕಿದ್ದರೆ ಹೊರ ಊರುಗಳಲ್ಲಿ ದುಡಿಯುವ ನಮ್ಮ ಮಕ್ಕಳೂ ನೋಡಬಹುದಿತ್ತು.

ನಿಮ್ಮ ಊರಿನಲ್ಲಿ ಇಂಥ ಕರಡು ಪ್ರಕಟವಾದರೆ ಮೊದಲ ವಾರದಲ್ಲೇ ಹೋಗಿ. ಕೊನೆಯ ಹತ್ತು ದಿನ ನಿಲ್ಲಲೂ ಜಾಗವಿರುವುದಿಲ್ಲ. ಪಹಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಅದರ ಅಳತೆಯ ದಾಖಲೆ) ಮತ್ತು ಗ್ರಾಮ ನಕಾಶೆಯ ಪ್ರತಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ಬಣ್ಣ ಮಾತ್ರ ನೋಡಿ ಹಿಂದಿರುಗಬೇಡಿ, ರಸ್ತೆಯ ಅಗಲವನ್ನೂ ವಲಯ ನಿಯಮಾವಳಿಯಲ್ಲಿ ಆ ಬಣ್ಣಕ್ಕೆ ಏನೇನು ಅನುಮತಿಯಿದೆ ಎಂಬುದನ್ನೂ ಕೇಳಿ ಬರೆದುಕೊಳ್ಳಿ. ಜಮೀನು ಉದ್ಯಾನವೆಂದೋ ರಸ್ತೆಯೆಂದೋ ಗುರುತಾಗಿದ್ದರೆ ಎದೆಗುಂದುವ ಅಗತ್ಯವಿಲ್ಲ: ಅಂತಿಮ ಯೋಜನೆ ಪ್ರಕಟವಾದ ಐದು ವರ್ಷಗಳಲ್ಲಿ ಅದನ್ನು ಒಪ್ಪಂದದಿಂದ ಪಡೆಯದೆ, ಸ್ವಾಧೀನ ಪ್ರಕ್ರಿಯೆಯನ್ನೂ ಆರಂಭಿಸದೆ ಹೋದರೆ ಆ ಗುರುತು ರದ್ದಾದಂತೆ ಎಂದು ಕಾಯ್ದೆಯ 69ನೇ ಸೆಕ್ಷನ್ ಹೇಳುತ್ತದೆ. ಆದರೆ ಅದನ್ನು ನಂಬಿ ಆಕ್ಷೇಪಣೆ ಸಲ್ಲಿಸದೆ ಕೂರುವುದು ಸರಿಯಲ್ಲ. ಆ ಐದು ವರ್ಷ ಮನೆ ಕಟ್ಟಲು ಅನುಮತಿಯಾಗಲಿ, ಬ್ಯಾಂಕಿನ ಸಾಲವಾಗಲಿ ಸಿಗುವುದು ಕಷ್ಟ.

ನಮ್ಮ ಆಕ್ಷೇಪಣೆಯ ವಿಚಾರಣೆಗೆ ಕರೆ ಬಂದಿದೆ. ಬಾವಿಯ ಮನೆಯವರು ತಮ್ಮ ಅಜ್ಜನ ಕಾಲದ ಕ್ರಯಪತ್ರವನ್ನು ಪೆಟ್ಟಿಗೆಯಿಂದ ಹೊರತೆಗೆದಿದ್ದಾರೆ. ಅದರ ಚೆಕ್ಕುಬಂದಿಯಲ್ಲಿ, ಎಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರದಲ್ಲಿ, ಉತ್ತರಕ್ಕೆ ಬಂಡಿ ದಾರಿ ಎಂದು ಸ್ಪಷ್ಟವಾಗಿ ಬರೆದಿದೆ.